ದಕ್ಷಿಣದ ಗೋಡೆ

ಪಾಮರ್ಸ್ಟನ್ ನಾರ್ತ್
೩ ಆಗಸ್ಟ್ ೨೦೨೫

ಪ್ರೀತಿಯ ಮಾವನಿಗೆ,

ಅತ್ತೆಯ ಮಂಡಿನೋವು, ನನ್ನ ನೆಗಡಿ, ಇಲ್ಲಿಯ ಚಳಿ, ಎಲ್ಲ ಆಮೇಲೆ. ಮೊದಲು ಕಟ್ಟಡ. ನಿಮಗೂ ಅದೇ ಇಷ್ಟ ಎಂದು ಗೊತ್ತು. ಫೋನಿನಲ್ಲೇ ಕೇಳೋಣವೆಂದರೆ ನಿಮ್ಮ ಕಿವಿ ಕೈಕೊಟ್ಟಿದೆ. ನಾನು ಇಲ್ಲಿಂದ ಕೂಗಿಕೊಂಡರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ, ನಿಮಗೆ ಮಾತ್ರ ಕೇಳಿಸುವುದಿಲ್ಲ. ಅದಕ್ಕೇ ಈ ಇ-ಪತ್ರ.

ನಮ್ಮ ಆಫೀಸಿಗೆ ಒಂದು ಹಳೆಯ ಶಾಲೆ ಬಂದಿದೆ. ೧೯೧೩ರಲ್ಲಿ ಕಟ್ಟಿದ್ದು. ಕೆಂಪು ಇಟ್ಟಿಗೆಯ ಎರಡಂತಸ್ತು, ಕಡಿದಾದ ಚಾವಣಿ, ನೆತ್ತಿಯ ಮೇಲೊಂದು ಗಂಟೆಗೂಡು. ಗಂಟೆ ಯಾವ ಕಾಲದಲ್ಲೋ ಹೋಗಿದೆ, ಗೂಡಿನಲ್ಲಿ ಈಗ ಪಾರಿವಾಳಗಳ ಸಂಸಾರ. ಒಂದು ಬಾಗಿಲಿನ ಮೇಲೆ ಹುಡುಗರು, ಇನ್ನೊಂದರ ಮೇಲೆ ಹುಡುಗಿಯರು ಎಂದು ಇಂಗ್ಲಿಷಿನಲ್ಲಿ ಕಲ್ಲಿಗೆ ಕೆತ್ತಿದ್ದಾರೆ. ಮಕ್ಕಳು ಅದಕ್ಕೆ ಸೊಪ್ಪು ಹಾಕುವುದಿಲ್ಲ, ಎರಡರಲ್ಲೂ ಎಲ್ಲರೂ ನುಗ್ಗುತ್ತಾರೆ. ನಕ್ಷೆ ಬರೆದ ದೊರೆ ಇಂಗ್ಲೆಂಡಿನಲ್ಲೇ ಕೂತು ಬರೆದು ಹಡಗಿನಲ್ಲಿ ಕಳಿಸಿದನಂತೆ. ಇಂಗ್ಲೆಂಡಿನ ಯಾವ ಊರಿನಲ್ಲಿಟ್ಟರೂ ಸಲ್ಲುವಂಥ ಶಾಲೆ. ತರಗತಿಗಳ ಎತ್ತರದ ಕಿಟಕಿಗಳೆಲ್ಲ ದಕ್ಷಿಣಕ್ಕೆ ಸಾಲಾಗಿವೆ, ಅವುಗಳ ಮೇಲೆ ಮುಕ್ಕೋನದ ದೊಡ್ಡ ಗೋಡೆ. ಉತ್ತರಕ್ಕೆ ಉದ್ದನೆಯ ಓಣಿ, ಕೋಟು ನೇತುಹಾಕುವ ಗೂಟಗಳು. ನೀವು ನೋಡಿದರೆ ಒಂದು ಸುತ್ತು ಹಾಕಿ, ಕೈ ಹಿಂದೆ ಕಟ್ಟಿಕೊಂಡು, ಒಂದು ಹೂಂ ಎನ್ನುತ್ತೀರಿ.

ತೊಂದರೆ ಇರುವುದು ದಕ್ಷಿಣದ ಗೋಡೆಯಲ್ಲಿ. ಅಡ್ಡ ಬಿರುಕುಗಳು, ಗಾರೆಯ ಗೆರೆ ಹಿಡಿದೇ ಹೋಗಿವೆ. ಇದು ಪಾರಂಪರಿಕ ಕಟ್ಟಡ. ಒಳಗೇನಾಗಿದೆ ನೋಡೋಣವೆಂದು ಒಂದೇ ಒಂದು ಇಟ್ಟಿಗೆ ಬಿಚ್ಚುವುದಕ್ಕೂ ಅನುಮತಿ ಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಆ ತನಕ ಮಕ್ಕಳನ್ನು ಅಲ್ಲಿ ಬಿಡಬಹುದೋ ಬಾರದೋ ಎಂದು ಪ್ರಿನ್ಸಿಪಾಲ್ ಹೆಲೆನ್ ನನ್ನನ್ನೇ ಕೇಳುತ್ತಿದ್ದಾರೆ. ಗೋಡೆಗೆ ಒರಗಿಕೊಂಡೇ ಮಕ್ಕಳ ಸೈಕಲ್ ಸ್ಟ್ಯಾಂಡ್ ಇದೆ. ಇಲ್ಲಿ ಭೂಮಿ ಆಗಾಗ ಮೈಮುರಿಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆಫೀಸಿನಲ್ಲಿ ಹಳೆಯ ಇಟ್ಟಿಗೆ ಬಲ್ಲ ಹಿರಿಯರು ರಜೆಯಲ್ಲಿದ್ದಾರೆ, ಉಳಿದವರೆಲ್ಲ ಉಕ್ಕು ಕಾಂಕ್ರೀಟಿನ ಮಂದಿ. ನನಗೆ ಊಟ ಸೇರುತ್ತಿಲ್ಲ ಮಾವ. ಬೇಡ ಎಂದರೆ ಇಡೀ ಶಾಲೆ ಬೀದಿಗೆ ಬರುತ್ತದೆ, ಆಗಲಿ ಎಂದರೆ ಮಕ್ಕಳ ತಲೆಯ ಮೇಲಿನ ಗೋಡೆಗೆ ನಾನು ಜಾಮೀನು.

ಪಿ.ಡಬ್ಲ್ಯೂ.ಡಿ.ಯಲ್ಲಿ ಇಂಥ ಇಂಗ್ಲಿಷ್ ಶಾಲೆಗಳನ್ನೇ ಮೈದಡವಿಕೊಂಡು ಬಂದವರು ನೀವು. ಫೋಟೊಗಳನ್ನು ಜೊತೆಗಿಟ್ಟಿದ್ದೇನೆ. ನೋಡಿ ಹೇಳಿ.

ನಿಮ್ಮ
ಕಾತಿ

*

ಮೈಸೂರು
೯ ಆಗಸ್ಟ್ ೨೦೨೫

ಚಿ. ಕಾತ್ಯಾಯಿನಿಗೆ,

ನಿನ್ನ ಅತ್ತೆಯ ಮಂಡಿ ಅದೇ ಮಂಡಿ, ನೋವು ಅದೇ ನೋವು. ನನ್ನ ಕೈ ಈಚೆಗೆ ಸ್ವಲ್ಪ ನಡುಗುತ್ತದೆ. ಆದ್ದರಿಂದ ಎದುರುಮನೆಯ ಕೃಪಾ ನಾನು ಹೇಳಿದಂತೆ ಟೈಪು ಮಾಡುತ್ತಿದ್ದಾಳೆ. ಚೆನ್ನಾದ ಹುಡುಗಿ. ನಡುನಡುವೆ ತಾನೂ ಮಾತು ಸೇರಿಸುತ್ತಾಳೆ, ಅವನ್ನು ನಾನು ಹೊಡೆದುಹಾಕಿಸುತ್ತೇನೆ.

ನಿನ್ನ ಶಾಲೆಯ ವರ್ಣನೆ ಓದಿಸಿಕೊಂಡು ಬಹಳ ಖುಷಿಯಾಯಿತು. ಆ ಕಾಲದವರು ಕಟ್ಟಡ ಕಟ್ಟುವಾಗ ಒಂದು ಕಡೆ ಲೋಭ ಮಾಡುತ್ತಿದ್ದರು, ಒಂದು ಕಡೆ ಕೈಬಿಚ್ಚುತ್ತಿದ್ದರು. ಗೋಡೆಯ ವಿಷಯದಲ್ಲಿ ಮಾತ್ರ ಲೋಭ ಮಾಡಿದವರಲ್ಲ.

ಈಗ ನಿನ್ನ ಬಿರುಕು. ದಕ್ಷಿಣದ ಗೋಡೆ ಎಂದರೆ ದಿನವಿಡೀ ಬಿಸಿಲು ತಿನ್ನುವ ಗೋಡೆ. ಹಗಲು ಕಾಯುತ್ತದೆ, ಹಿಗ್ಗುತ್ತದೆ. ರಾತ್ರಿ ತಣಿಯುತ್ತದೆ, ಕುಗ್ಗುತ್ತದೆ. ನೂರು ವರ್ಷ ಇದೇ ಆಟ ಆಡಿದರೆ ಗಾರೆ ಬಿಡದೆ ಏನು ಮಾಡೀತು? ಇಂಥವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಸಿಲಿಗೆ ಒಣಗಿದ ಗೋಡೆಯ ಹೊಟ್ಟೆ ಗಟ್ಟಿಯಾಗಿಯೇ ಇರುತ್ತದೆ. ಬಿರುಕುಗಳಿಗೆ ಸುಣ್ಣದ ಗಾರೆ ತುಂಬಿಸು, ಅಪ್ಪಿತಪ್ಪಿಯೂ ಸಿಮೆಂಟು ಬೇಡ. ಭಯಕ್ಕೆ ಕಾರಣವಿಲ್ಲ. ಸಮಾಧಾನವಾಗಿ ಊಟ ಮಾಡು.

ಆದರೂ ನಿನ್ನ ಸಮಾಧಾನಕ್ಕೆ ಒಂದು ಕೆಲಸ ಮಾಡು. ಬಿರುಕಿಗೆ ಅಡ್ಡವಾಗಿ ತೆಳ್ಳನೆಯ ಗಾಜಿನ ಚೂರನ್ನು ಎರಡೂ ಕಡೆ ಗಾರೆಯಿಟ್ಟು ಕೂರಿಸು. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ನಮ್ಮ ಕಾಲದಲ್ಲಿ ಇದೇ ನಮ್ಮ ಯಂತ್ರ. ಕೂಲಿಯವರ ಕೈಗೆ ಕೊಡಬೇಡ, ನೀನೇ ಕೈಯಾರೆ ಅಂಟಿಸು.

ಮಗಳು ಪೂರ್ವಿ ಹೇಗಿದ್ದಾಳೆ? ಹೊಸ ಶಾಲೆಗೆ ಹೊಂದಿಕೊಂಡಳೇ? ಅವಳ ಬಗ್ಗೆ ನೀನು ಒಂದಕ್ಷರ ಬರೆದಿಲ್ಲ.

ನಿನ್ನ ಮಾವ
ಚಂದ್ರಮೌಳಿ

*

ಪಾಮರ್ಸ್ಟನ್ ನಾರ್ತ್
೧೭ ಆಗಸ್ಟ್ ೨೦೨೫

ಪ್ರೀತಿಯ ಮಾವನಿಗೆ,

ನಿಮ್ಮ ಪತ್ರ ಓದಿ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ. ಹುಣಸೆಹಣ್ಣಿನ ಗೊಜ್ಜು ಮಾಡಿಕೊಂಡು ಎರಡು ಸಲ ಅನ್ನ ಬಡಿಸಿಕೊಂಡೆ. ನಿಮ್ಮ 'ಭಯಕ್ಕೆ ಕಾರಣವಿಲ್ಲ' ಎಂಬ ಮಾತಿಗೆ ಔಷಧದಂಥ ಗುಣವಿದೆ. ಚಿಕ್ಕವಳಿದ್ದಾಗ ಗಣಿತದ ಪರೀಕ್ಷೆಯ ಹಿಂದಿನ ದಿನ ಹೇಳುತ್ತಿದ್ದಿರಲ್ಲ, ಅದೇ ಧ್ವನಿಯಲ್ಲಿ ಕೇಳಿಸಿತು.

ಸದ್ಯಕ್ಕೆ ಮಕ್ಕಳು ಒಳಗೇ ಇರಲಿ, ಅನುಮತಿ ಬಂದಮೇಲೆ ಗೋಡೆ ಬಿಚ್ಚಿ ನೋಡೋಣ ಎಂದು ಹೆಲೆನ್‌ಗೆ ಹೇಳಿಬಿಟ್ಟೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನಮ್ಮ ಕನ್ನಡ ಕೂಟದವರಿಗೂ ನಿರಾಳ. ಶನಿವಾರದ ಕನ್ನಡ ತರಗತಿ ನಡೆಯುವುದು ಅಲ್ಲಿಯೇ, ರಾಜ್ಯೋತ್ಸವದ ನಾಟಕದ ತಾಲೀಮೂ ಅಲ್ಲಿಯೇ.

ಗಾಜು ಇನ್ನೂ ಅಂಟಿಸಿಲ್ಲ. ಒಂದೇ ಸಮನೆ ಮಳೆ. ಬಿಡುವಾದ ಕೂಡಲೇ ಮಾಡುತ್ತೇನೆ, ಬೈಯಬೇಡಿ.

ಫೋಟೊಗಳ ಬಗ್ಗೆ ನೀವು ಏನೂ ಹೇಳಲಿಲ್ಲ. ಗಂಟೆಗೂಡಿನ ಮರಗೆಲಸ ನೋಡಿ ಒಂದು ಪುಟವಾದರೂ ಬರೆಯುತ್ತೀರಿ ಎಂದುಕೊಂಡಿದ್ದೆ. ಪೂರ್ವಿ ಚೆನ್ನಾಗಿದ್ದಾಳೆ. ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಾಳೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರವನ್ನೇ ಕೊಡುವುದಿಲ್ಲ.

ನಿಮ್ಮ
ಕಾತಿ

*

ಮೈಸೂರು
೨೪ ಆಗಸ್ಟ್ ೨೦೨೫

ಚಿ. ಕಾತ್ಯಾಯಿನಿಗೆ,

ಗೌರಿ ಹಬ್ಬ ಹತ್ತಿರ ಬಂತು. ನಿನ್ನ ಅತ್ತೆ ಬಾಗಿನದ ಮೊರ ತರಲು ದೇವರಾಜ ಮಾರುಕಟ್ಟೆಗೆ ಹೋಗಿದ್ದಾಳೆ. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಜನಜಂಗುಳಿ ಎಂದಳು.

ಗಂಟೆಗೂಡು ಚೆನ್ನಾಗಿದೆ. ಮರಗೆಲಸವೂ ಚೆನ್ನಾಗಿದೆ.

ಗಾಜು ಅಂಟಿಸಿದೆಯಾ? ಮಳೆ ಎಂದು ಕೂರಬೇಡ. ಯಾಕೋ ನಿನ್ನ ಗೋಡೆ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನಾನು ಬರೆದದ್ದನ್ನು ನಂಬು, ಆದರೆ ಗಾಜನ್ನು ಅದಕ್ಕಿಂತ ಹೆಚ್ಚು ನಂಬು.

ನಿನ್ನ ಮಾವ
ಚಂದ್ರಮೌಳಿ

*

ಪಾಮರ್ಸ್ಟನ್ ನಾರ್ತ್
೩೧ ಆಗಸ್ಟ್ ೨೦೨೫

ಮಾವ,

ನನ್ನ ಕೈಯೂ ನಡುಗುತ್ತಿದೆ, ಆದರೂ ನಾನೇ ಟೈಪು ಮಾಡುತ್ತಿದ್ದೇನೆ.

ಶುಕ್ರವಾರ ಮಧ್ಯಾಹ್ನ ಗಾಜು ಅಂಟಿಸಲು ಹೋದೆ. ಎಷ್ಟೋ ದಿನಗಳ ಮೇಲೆ ಆಕಾಶ ತೊಳೆದಿಟ್ಟಂತಿತ್ತು, ಒಳ್ಳೆ ಬಿಸಿಲು. ಕೋಟು ತೆಗೆದು ಕಾರಿನಲ್ಲಿಟ್ಟು ಹೊರಟೆ. ಗೋಡೆಯ ಹತ್ತಿರ ಬಂದದ್ದೇ ಚಳಿ ಹತ್ತಿತು. ಗಾರೆ ಕೂರಿಸಲು ಅಂಗೈಯನ್ನು ಇಟ್ಟಿಗೆಗೆ ಒತ್ತಿದೆ. ಮಂಜುಗಡ್ಡೆಯಂತೆ ಕೊರೆಯಿತು. ಕೈ ತೆಗೆದರೆ ಒದ್ದೆ. ನಡುಮಧ್ಯಾಹ್ನ, ಸೂರ್ಯ ಕಣ್ಣು ಕುಕ್ಕುವ ಹೊತ್ತಿನಲ್ಲಿ ಗೋಡೆ ಒದ್ದೆ.

ಮಾವ, ಭೂಮಧ್ಯರೇಖೆಯ ಈ ಕೆಳಗಿನ ಅರ್ಧದಲ್ಲಿ ಸೂರ್ಯ ಉತ್ತರದಲ್ಲಿ ಹಾಯುತ್ತಾನೆ. ಉತ್ತರದಲ್ಲಿ! ದಕ್ಷಿಣದ ಗೋಡೆಗೆ ಚಳಿಗಾಲ ಪೂರ್ತಿ ಬಿಸಿಲೆಂಬುದೇ ಇಲ್ಲ. ಇದು ನನಗೆ ಗೊತ್ತಿಲ್ಲದ್ದೇ? ಹತ್ತು ವರ್ಷಕ್ಕೂ ಮೇಲಾಯಿತು ಇಲ್ಲಿಗೆ ಬಂದು. ಬಾಡಿಗೆ ಮನೆ ಹುಡುಕುವಾಗ ಉತ್ತರದ ಕಿಟಕಿ ನೋಡಿಯೇ ಒಪ್ಪಿಕೊಂಡವಳು ನಾನು. ಆದರೆ ನಿಮ್ಮ ಪತ್ರವನ್ನು ಕನ್ನಡದಲ್ಲಿ ಓದುವಾಗ ನಾನು ಪಾಮರ್ಸ್ಟನ್ ನಾರ್ತಿನಲ್ಲಿ ಇರಲೇ ಇಲ್ಲ. ನಿಮ್ಮ ಹಿತ್ತಿಲಿನಲ್ಲಿದ್ದೆ. ದಕ್ಷಿಣದ ಗೋಡೆ ಎಂದೊಡನೆ ಅತ್ತೆ ಸಂಡಿಗೆಯ ಮೊರಗಳನ್ನು ಒರಗಿಸಿಡುತ್ತಿದ್ದ ಆ ಬೆಚ್ಚನೆಯ ಗೋಡೆ ಕಣ್ಣಿಗೆ ಬಂತು. ಹೌದಲ್ಲ, ಬಿಸಿಲಿಗೆ ಬಿಟ್ಟಿದೆ ಎಂದು ತಲೆಯಾಡಿಸಿಬಿಟ್ಟೆ. ನನಗೆ ಬೇಕಾಗಿದ್ದದ್ದೂ ಅದೇ.

ಆ ಇಂಗ್ಲೆಂಡಿನ ದೊರೆಯೂ ಇದೇ ತಪ್ಪು ಮಾಡಿದ್ದಾನೆ. ಮಕ್ಕಳಿಗೆ ಬಿಸಿಲು ಬರಲಿ ಎಂದು ದೊಡ್ಡ ಕಿಟಕಿಗಳನ್ನೆಲ್ಲ ದಕ್ಷಿಣಕ್ಕಿಟ್ಟ. ಅವನ ಊರಿಗೆ ಅದು ಸರಿ. ಇಲ್ಲಿ ನೂರು ವರ್ಷದಿಂದ ಮಕ್ಕಳು ಚಳಿಯಲ್ಲಿ ನಡುಗುತ್ತಾ ಕೂತಿದ್ದಾರೆ, ಓಣಿಯಲ್ಲಿ ನೇತಾಡುವ ಕೋಟುಗಳು ಬಿಸಿಲು ಕಾಯಿಸಿಕೊಳ್ಳುತ್ತಿವೆ.

ಇನ್ನೂ ಒಂದಿದೆ. ನಿಮ್ಮ ಮೈಸೂರಿನ ಶಾಲೆಗಳ ಹಾಗೆ ಇದು ಇಡೀ ಗಟ್ಟಿ ಗೋಡೆಯಲ್ಲ. ನಕ್ಷೆಯಲ್ಲಿರುವಂತೆ ಎರಡು ಪದರ, ನಡುವೆ ಟೊಳ್ಳು, ಹೊರಗಿನದನ್ನು ಒಳಗಿನದಕ್ಕೆ ಹಿಡಿದಿಡಲು ಕಬ್ಬಿಣದ ಪಟ್ಟಿಗಳು. ಒದ್ದೆಗೆ ಆ ಪಟ್ಟಿಗಳು ತುಕ್ಕು ಹಿಡಿದು ಉಬ್ಬಿದರೆ ಗಾರೆಯ ಗೆರೆಯನ್ನೇ ಎತ್ತುತ್ತವೆ. ಬಿರುಕುಗಳು ಒಂದೇ ಸಮ ಅಂತರದಲ್ಲಿ, ಪಟ್ಟಿ ಇರುವ ಸಾಲಿನಲ್ಲೇ ಇವೆ. ಫೋಟೊದಲ್ಲಿ ಅದು ಎದ್ದು ಕಾಣುತ್ತದೆ. ಕಿಟಕಿಗಳ ಕೆಳಗೆ ದಪ್ಪಗೆ ಬೆಳೆದ ಪಾಚಿ ಅದಕ್ಕಿಂತ ಎದ್ದು ಕಾಣುತ್ತದೆ. ಬಿಸಿಲು ತಿನ್ನುವ ಗೋಡೆಗೆ ಪಾಚಿ ಎಲ್ಲಿಂದ ಬರಬೇಕು ಮಾವ? ನೀವು ಫೋಟೊ ನೋಡಿದಿರಾ, ಇಲ್ಲವಾ? ಕಾತಿ ಹೇಗೂ ಹೆದರುಪುಕ್ಕಲಿ, ನಾಲ್ಕು ಒಳ್ಳೆ ಮಾತು ಹೇಳಿ ಕಳಿಸೋಣ ಎಂದು ಬರೆದುಬಿಟ್ಟಿರಾ?

ಪೂರ್ವಿ ಓದುತ್ತಿರುವುದು ಇದೇ ಶಾಲೆಯಲ್ಲಿ. ಅವಳ ಸೈಕಲ್ ನಿಲ್ಲುವುದು ಈ ಗೋಡೆಯ ಬುಡದಲ್ಲಿ. ಹೇಳಿದ್ದರೆ ನೀವು ತಾತನಾಗಿ ಉತ್ತರ ಕೊಡುತ್ತೀರಿ, ಎಂಜಿನಿಯರ್ ಆಗಿ ಕೊಡುವುದಿಲ್ಲ ಎಂದು ಮುಚ್ಚಿಟ್ಟೆ. ನಿಮ್ಮ ಮಾತು ಕೇಳಿ ಮೂರು ವಾರ ಅವಳನ್ನು ಅಲ್ಲಿಗೆ ಕಳಿಸಿದೆ. ನಡುವೆ ಒಂದು ದಿನ ಸಣ್ಣದಾಗಿ ಭೂಮಿ ನಡುಗಿತು ಕೂಡ. ಮಕ್ಕಳು ಮೇಜಿನ ಕೆಳಗೆ ನುಗ್ಗಿ, ಎದ್ದು, ನಗುತ್ತಾ ಆಟಕ್ಕೆ ಹೋದರಂತೆ. ಅವಳು ಅದನ್ನು ಹೇಳುವಾಗ ನಾನು ಚಪಾತಿ ಲಟ್ಟಿಸುತ್ತಿದ್ದೆ.

ಅಲ್ಲಿಂದಲೇ ಹೆಲೆನ್ ಕೊಠಡಿಗೆ ಹೋಗಿ ನನ್ನ ಮಾತು ತಪ್ಪಾಯಿತು ಎಂದೆ. ಸೋಮವಾರದಿಂದ ಆ ಭಾಗಕ್ಕೆ ಬೇಲಿ ಹಾಕುತ್ತಾರೆ.

ಕಾತ್ಯಾಯಿನಿ

*

ಪಾಮರ್ಸ್ಟನ್ ನಾರ್ತ್
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಾವನಿಗೆ,

ನಿಮ್ಮಿಂದ ಉತ್ತರವಿಲ್ಲ. ಅತ್ತೆಗೆ ಫೋನು ಮಾಡಿದರೆ "ಚೆನ್ನಾಗಿದಾರೆ ಕಣೆ, ಮಾತ್ ಕಮ್ಮಿ ಆಗಿದೆ ಅಷ್ಟೆ" ಎಂದು ಬೇರೆ ವಿಷಯ ತೆಗೆದರು. ಹಿಂದಿನ ಪತ್ರವನ್ನು ಇನ್ನೊಮ್ಮೆ ಓದಿ ನೋಡಿದೆ. ಹಾಗೆ ಬರೆಯಬಾರದಿತ್ತು. ದಿಕ್ಕು ತಪ್ಪಿದ್ದು ನೀವಲ್ಲ. ಇಲ್ಲಿ ನಿಂತು ಉತ್ತರ ದಕ್ಷಿಣ ನೋಡಬೇಕಾಗಿದ್ದವಳು ನಾನು.

ಇಲ್ಲಿ ಎಲ್ಲರೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಮಕ್ಕಳು ಆಟದ ಬಯಲಿನ ಡೇರೆಯಲ್ಲೂ ಪಕ್ಕದ ಚರ್ಚಿನ ಹಾಲಿನಲ್ಲೂ ಪಾಠ ಕೇಳುತ್ತಿದ್ದಾರೆ. ಪೋಷಕರು ಹೆಲೆನ್‌ಗೆ ಪತ್ರದ ಮೇಲೆ ಪತ್ರ ಬರೆಯುತ್ತಿದ್ದಾರೆ. ಕನ್ನಡ ಕೂಟದ ಮಂಜುನಾಥ್ ಅವರು ನಿನ್ನೆ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿ, ಕೈಯಲ್ಲಿದ್ದ ನುಗ್ಗೆಕಾಯಿಯನ್ನೇ ನನ್ನ ಕಡೆ ತೋರಿಸಿ ಕೇಳಿದರು. "ಏನ್ರೀ ಕಾತ್ಯಾಯಿನಿ, ನೂರು ವರ್ಷ ನಿಂತಿರೋ ಬಿಲ್ಡಿಂಗು ನಮ್ ರಾಜ್ಯೋತ್ಸವಕ್ಕೇ ಬೀಳತ್ತಾ? ಹಾಲ್ ಬುಕ್ ಮಾಡಿ, ಇನ್ವಿಟೇಶನ್ ಎಲ್ಲಾ ಕಳ್ಸಿ ಆಗಿದೆ. ಈಗ ಎಲ್ಲಿ ಹೋಗೋಣ ಹೇಳಿ?" ಬೇಳೆ ಚೀಲ ಎತ್ತಿಕೊಂಡು ಬಂದೆ.

ಪೂರ್ವಿ ಮಾತ್ರ "ಟೆಂಟ್ ಈಸ್ ವಾರ್ಮರ್, ಅಮ್ಮಾ" ಎನ್ನುತ್ತಾಳೆ.

ಈಗ ನನ್ನನ್ನು ಕೊರೆಯುತ್ತಿರುವುದು ಇನ್ನೊಂದು. ಆ ಶುಕ್ರವಾರ ಏಣಿ ಹತ್ತಿ ಮುಕ್ಕೋನದ ಬಿರುಕಿಗೆ ಅಂಟಿಸಿ ಬಂದ ಗಾಜು ಸೀಳಿಲ್ಲ. ದಿನಾ ಏಣಿ ಹತ್ತಿ ನೋಡುತ್ತೇನೆ. ಕೂದಲೆಳೆಯಷ್ಟು ಗೆರೆಯೂ ಇಲ್ಲ. ನೀವು ಹೇಳಿದ್ದೇ ಸರಿಯಾಗಿ, ಒಳಗೆ ಎಲ್ಲ ಗಟ್ಟಿಯಾಗಿಯೇ ಇದ್ದು, ನಾನು ಸುಮ್ಮನೆ ಒಂದು ಶಾಲೆಯನ್ನು ಬಯಲಿಗೆ ತಂದಿದ್ದರೆ? ಅನುಮತಿ ಬಂದಿದೆ, ಮಕ್ಕಳ ರಜೆಯಲ್ಲಿ ಗೋಡೆ ಬಿಚ್ಚುತ್ತೇವೆ. ಗೋಡೆ ಕೆಟ್ಟಿರಲಿ ಎಂದು ಹಾರೈಸುವ ಎಂಜಿನಿಯರನ್ನು ನೀವು ಕಂಡಿದ್ದೀರಾ? ನಾಚಿಕೆಯಾಗುತ್ತದೆ.

ಒಂದು ಸಾಲು ಬರೆಯಿರಿ ಮಾವ. ಬೈದಾದರೂ ಬರೆಯಿರಿ.

ನಿಮ್ಮ
ಕಾತಿ

*

ಮೈಸೂರು
೨೧ ಸೆಪ್ಟೆಂಬರ್ ೨೦೨೫

ಮಗು ಕಾತಿ,

ಇದನ್ನು ನಾನೇ ಕೈಯಲ್ಲಿ ಬರೆದಿದ್ದೇನೆ. ಕೃಪಾ ಫೋಟೊ ತೆಗೆದು ಕಳಿಸುತ್ತಾಳೆ. ಸಾಲುಗಳು ಒಂದರ ಮೇಲೊಂದು ಹತ್ತಿದ್ದರೆ ಬಿಡಿಸಿ ಓದಿಕೋ.

ನಡುಗುತ್ತಿರುವುದು ಕೈಯಲ್ಲ. ಕಣ್ಣು ಹೋಗಿದೆ. ನಡುವೆ ನೋಡಿದರೆ ಹೊಗೆ, ಅಂಚಿನಲ್ಲಿ ಮಾತ್ರ ಅಷ್ಟಿಷ್ಟು. ಡಾಕ್ಟರು ಇನ್ನು ಇಷ್ಟೇ ಎಂದಿದ್ದಾರೆ. ನಿನಗೆ ಹೇಳಕೂಡದು ಎಂದು ಅತ್ತೆಯಿಂದ ಮಾತು ತೆಗೆದುಕೊಂಡಿದ್ದೆ.

ನಿನ್ನ ಫೋಟೊಗಳನ್ನು ಕೃಪಾ ಬಾಯಲ್ಲಿ ಹೇಳಿದಳು. "ಕೆಂಪು ಗೋಡೆ ಇದೆ ತಾತ, ಕಿಟಕಿ ಕೆಳಗೆಲ್ಲಾ ಹಸಿರು ಅಂಚು" ಎಂದಳು. ಚೆನ್ನಾಗಿ ಬಣ್ಣ ಹಚ್ಚಿಟ್ಟುಕೊಂಡಿದ್ದಾರೆ ಎಂದುಕೊಂಡೆ. ಅವಳಿಗೆ ಪಾಚಿ ಏನು ಹೇಳುತ್ತದೆ ಎಂಬುದು ಗೊತ್ತಿಲ್ಲ, ತಪ್ಪು ಅವಳದಲ್ಲ. ಇನ್ನೊಂದು ಪ್ರಶ್ನೆ ಕೇಳಿದ್ದರೆ ತಿಳಿಯುತ್ತಿತ್ತು. ಕೇಳಿದರೆ ಮುದುಕನಿಗೆ ಏನೂ ಕಾಣದು ಎಂದು ಅವಳಿಗೂ ತಿಳಿದುಹೋಗುತ್ತದಲ್ಲ, ಅದಕ್ಕೇ ಕೇಳಲಿಲ್ಲ.

ನೀನು ಕಾಲೇಜಿನಲ್ಲಿದ್ದಾಗಿನಿಂದ ಯಾವ ಕಟ್ಟಡ ನೋಡಿದರೂ ಅದರ ಚಿತ್ರ ನನಗೆ ಕಳಿಸುತ್ತೀಯ. ಕಣ್ಣು ಹೋಯಿತು ಎಂದರೆ ಕಳಿಸುವುದು ನಿಲ್ಲಿಸುತ್ತೀಯ ಎಂದು ಹೆದರಿದೆ. ಅಷ್ಟೇ ಕಾತಿ. ಪೂರ್ವಿ ಆ ಗೋಡೆಯ ಹತ್ತಿರ ಇದ್ದಾಳೆ ಎಂದು ನೀನು ಒಂದು ಮಾತು ಬರೆದಿದ್ದರೆ ಆಗಲೇ ಬಾಯಿ ಬಿಡುತ್ತಿದ್ದೆ. ಆಮೇಲೆ ಅನ್ನಿಸಿತು, ಬೇರೆಯವರ ಮಕ್ಕಳಾಗಿದ್ದರೆ ಸುಮ್ಮನಿರಬಹುದಿತ್ತೇ? ಆ ಯೋಚನೆ ಬಂದ ದಿನದಿಂದ ನನಗೂ ಊಟ ಸೇರುತ್ತಿಲ್ಲ.

ಗಾಜು ಸೀಳಲಿಲ್ಲ ಎಂದು ಮನಸ್ಸು ಸಡಿಲಬಿಡಬೇಡ. ಗಾಜು ಹೇಳುವುದು ಅಂಟಿಸಿದ ಮೇಲಿನ ಕಥೆಯನ್ನು, ಅದಕ್ಕೆ ಹಿಂದಿನದು ಅದಕ್ಕೆ ತಿಳಿಯದು. ಅದೂ ಅಲ್ಲದೆ ಎರಡು ಪದರದ ಗೋಡೆಯೆಂದು ಈಗ ಹೇಳುತ್ತಿದ್ದೀಯ. ಹೊರಪದರ ಒಟ್ಟಿಗೇ ಈಚೆ ಬಾಗುತ್ತಿದ್ದರೆ ಗಾಜೂ ಅದರ ಜೊತೆಗೇ ಬಾಗುತ್ತದೆ, ಸೀಳುವುದಿಲ್ಲ. ಬೇಲಿ ತೆಗೆಸಬೇಡ. ಯಾರು ಏನಾದರೂ ಅನ್ನಲಿ.

ಸೂರ್ಯ ಉತ್ತರದಲ್ಲಿ ಹಾಯುವ ಊರನ್ನು ತಲೆಯೊಳಗೆ ತಿರುಗಿಸಿ ನೋಡುತ್ತಿದ್ದೇನೆ. ತಿರುಗುತ್ತಿಲ್ಲ. ಏನು ಸಿಕ್ಕಿತು ಬರೆ. ನಾನೇ ತಪ್ಪಾಗಿದ್ದರೂ ಬರೆ.

ಮಾವ

*

ಪಾಮರ್ಸ್ಟನ್ ನಾರ್ತ್
೫ ಅಕ್ಟೋಬರ್ ೨೦೨೫

ನನ್ನ ಪ್ರೀತಿಯ ಮಾವನಿಗೆ,

ಇದನ್ನು ಕೃಪಾ ಓದಿ ಹೇಳುತ್ತಾಳೆ ಎಂದು ತಿಳಿದೇ ಬರೆಯುತ್ತಿದ್ದೇನೆ. ಕೃಪಾ, ನಿಧಾನವಾಗಿ, ಅವರ ಬಲಗಿವಿಯ ಹತ್ತಿರ ಓದಮ್ಮ.

ನಿಮ್ಮ ಕೈಬರಹದ ಸಾಲುಗಳನ್ನು ಬಿಡಿಸುವಷ್ಟರಲ್ಲಿ ಅಳು ಬಂತು, ಸಿಟ್ಟೂ ಬಂತು. ಚಿತ್ರ ಕಳಿಸುವುದನ್ನು ನಿಲ್ಲಿಸುತ್ತೇನೆ ಎಂದುಕೊಂಡಿರಲ್ಲ, ಆ ಸಿಟ್ಟು ಇನ್ನೂ ಇದೆ. ಮೈಸೂರಿಗೆ ಬಂದಾಗ ತೀರಿಸಿಕೊಳ್ಳುತ್ತೇನೆ.

ಮಂಗಳವಾರ ಗೋಡೆ ಬಿಚ್ಚಿದೆವು. ಕೆಳಗಿನ ಸಾಲುಗಳು ಅಷ್ಟೇನೂ ಕೆಟ್ಟಿರಲಿಲ್ಲ. ಸುಮ್ಮನೆ ಬೇಲಿ ಹಾಕಿಸಿದೆನೇನೋ ಎನ್ನಿಸತೊಡಗಿತು. ಹೆಲೆನ್ ಬೇಲಿಯ ಆಚೆ ಕೈಕಟ್ಟಿ ನಿಂತಿದ್ದರು, ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಮೇಲಿನ ಮುಕ್ಕೋನದ ಹತ್ತಿರ ಹೋದಾಗ ಕೆಲಸದವನು ಉಳಿ ಎತ್ತಿದವನು ಹಾಗೇ ನಿಂತ. ಉಳಿಯನ್ನು ಜೇಬಿಗಿಟ್ಟು ಇಟ್ಟಿಗೆಯನ್ನು ಬರಿಗೈಯಲ್ಲಿ ತೆಗೆದ, ಕಪಾಟಿನಿಂದ ಪುಸ್ತಕ ತೆಗೆದ ಹಾಗೆ. ಪಕ್ಕದ್ದನ್ನೂ ತೆಗೆದ. ಟೊಳ್ಳಿನೊಳಗೆ ಟಾರ್ಚು ಬಿಟ್ಟು ನೋಡಿದೆ. ಪಟ್ಟಿಗಳೆಲ್ಲ ಒಳಗೋಡೆಯಿಂದ ಹೊರಟು ನಡುವಿನಲ್ಲೇ ಮುಗಿದುಹೋಗಿದ್ದವು. ಹೊರಪದರ ಯಾರ ಹಿಡಿತವೂ ಇಲ್ಲದೆ ತನ್ನ ಭಾರದ ಮೇಲೆ ತಾನೇ ನಿಂತಿತ್ತು. ಗಾಜು ಸೀಳದಿದ್ದದ್ದು ನೀವು ಹೇಳಿದ ಕಾರಣಕ್ಕೇ. ಇಡೀ ಮುಕ್ಕೋನ ಒಟ್ಟಾಗಿ ಈಚೆ ವಾಲಿತ್ತು, ಗಾಜೂ ಅದರ ಜೊತೆಗೇ ಬಂದಿತ್ತು.

ಕೆಳಗಿಳಿದು ಬಂದೆ. ಹೆಲೆನ್ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಇಬ್ಬರೂ ಖಾಲಿ ಸೈಕಲ್ ಸ್ಟ್ಯಾಂಡಿನ ಕಡೆ ನೋಡುತ್ತಾ ಕುಡಿದೆವು.

ರಾಜ್ಯೋತ್ಸವ ಈಗ ಚರ್ಚಿನ ಹಾಲಿನಲ್ಲಿ. ಮಂಜುನಾಥ್ ಅವರು ಫೋನು ಮಾಡಿ "ಆವತ್ತು ಅಂಗಡೀಲಿ ಸ್ವಲ್ಪ ಜಾಸ್ತಿ ಆಯ್ತು, ಬೇಜಾರ್ ಮಾಡ್ಕೋಬೇಡಿ" ಎಂದರು. ಅವರ ಮಗನ ಸೈಕಲ್ಲೂ ಅಲ್ಲೇ ನಿಲ್ಲುತ್ತಿದ್ದದ್ದು.

ಶಾಲೆಯನ್ನು ಕೆಡವುವುದಿಲ್ಲ. ಮುಕ್ಕೋನವನ್ನು ಇಳಿಸಿ, ಅದೇ ಇಟ್ಟಿಗೆಗಳನ್ನು ತುಕ್ಕು ಹಿಡಿಯದ ಉಕ್ಕಿನಿಂದ ಬಿಗಿದು ಮತ್ತೆ ಕಟ್ಟುತ್ತೇವೆ, ಸುಣ್ಣದ ಗಾರೆಯಲ್ಲಿ. ಸಿಮೆಂಟು ಇಲ್ಲ, ಗಾಬರಿಯಾಗಬೇಡಿ.

ಈಗ ನೀವು ಕೇಳಿದ ವಿಷಯ. ಹಿತ್ತಿಲಿಗೆ ಹೋಗಿ ನಿಮ್ಮ ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಬ್ಬ ಕಳೆದಿದೆ, ಸೂರ್ಯ ಇಷ್ಟು ಹೊತ್ತಿಗೆ ದಕ್ಷಿಣಕ್ಕೆ ಇಳಿದಿರುತ್ತಾನೆ. ಮಧ್ಯಾಹ್ನ ಮುಖಕ್ಕೆ ಬಿಸಿಲು ಬೀಳುತ್ತದೆ, ನಿಮ್ಮ ಎಡಕ್ಕೆ ಪೂರ್ವ. ನಾನು ಈಗ ಶಾಲೆಯ ಉತ್ತರದ ಓಣಿಯ ಹೊರಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೇನೆ. ನನ್ನ ಮುಖಕ್ಕೂ ಬಿಸಿಲು ಬೀಳುತ್ತಿದೆ, ಆದರೆ ನನ್ನ ಬಲಕ್ಕೆ ಪೂರ್ವ. ನಾವಿಬ್ಬರೂ ಎದುರುಬದುರು ಕೂತಂತೆ, ನಡುವೆ ಸೂರ್ಯ. ಇಷ್ಟು ತಿರುಗಿಸಿಕೊಂಡರೆ ಸಾಕು ಮಾವ. ಪೂರ್ವಿ ಪಕ್ಕದಲ್ಲೇ ಇದ್ದಾಳೆ. ಇನ್ನು ಮೇಲೆ ಚಿತ್ರಗಳನ್ನು ಹೀಗೇ ಮಾತಿನಲ್ಲಿ ಕಳಿಸುತ್ತೇನೆ, ಗಂಟೆಗೂಡಿನಿಂದ ಶುರು.

ಅಂಚೆಯಲ್ಲಿ ಒಂದು ಸಣ್ಣ ಪೊಟ್ಟಣವೂ ಬರುತ್ತದೆ. ಗೋಡೆಯೊಳಗಿನ ಪಟ್ಟಿ. ಕಣ್ಣು ಬೇಡ, ಬೆರಳು ಸಾಕು. ಒಳಗೋಡೆಯ ಕಡೆಯ ತುದಿಗೆ ಪೂರ್ವಿ ಕೆಂಪು ದಾರ ಕಟ್ಟಿದ್ದಾಳೆ. ಅಲ್ಲಿ ಹಿಡಿದುಕೊಂಡು ಮುಂದಕ್ಕೆ ಸವರುತ್ತಾ ಹೋಗಿ. ಮೊದಲು ದಪ್ಪ, ಆಮೇಲೆ ಹಪ್ಪಳದಂತೆ ಪುಡಿಯಾಗುತ್ತದೆ. ಇನ್ನೊಂದು ತುದಿ ದಾರಿಯಲ್ಲಿ ಮುರಿದು ಬಿತ್ತೇನೋ ಎಂದು ಪೊಟ್ಟಣದಲ್ಲಿ ಹುಡುಕಬೇಡಿ. ಅವಳ ಸೈಕಲ್ಲಿನ ನೇರ ಮೇಲಿದ್ದ ಪಟ್ಟಿ ಅದು. ಬಿಚ್ಚಿದಾಗಲೂ ಅಷ್ಟೇ ಇತ್ತು.

ನಿಮ್ಮ
ಕಾತಿ